ಪಡಸಾಲೆಯ ಗೋಡೆಗೆ ಬಂದ ಮುಖಗಳು

ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಎನ್ನುವ ಗಾದೆ ನಮ್ಮ ಗಂಗಾವತಿ ಸೀಮೆಯವರ ಬಾಯಲ್ಲಿ ಸದಾ ಇರುತ್ತದೆ. ನೋಡಬೇಕಾದದ್ದು ಗುಡಿ, ಗೋಪುರ, ಕಲ್ಲಿನ ಕುಸುರಿ. ಈ ಕಡೆಗೆ ಕ್ಯಾಮೆರಾ ಬಂದಾಗ ಅದು ಕೂಡ ಗಾದೆ ಹೇಳಿದ್ದನ್ನೇ ಮಾಡಿತು.

1856ರ ಸುಮಾರಿಗೆ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಗೆ ಬಂದು ಚಿತ್ರ ತೆಗೆದ. ಆಗ ಫಿಲ್ಮ್ ಇರಲಿಲ್ಲ. ಮೇಣ ಸವರಿದ ದೊಡ್ಡ ಕಾಗದವೇ ನೆಗೆಟಿವ್. ಅದರ ಮೇಲೆ ಚಿತ್ರ ಮೂಡಲು ಕ್ಯಾಮೆರಾದ ಕಣ್ಣು ಬಹಳ ಹೊತ್ತು ತೆರೆದೇ ಇರಬೇಕು. ಅಲುಗದ ಕಲ್ಲು ಚೊಕ್ಕವಾಗಿ ಮೂಡುತ್ತಿತ್ತು. ನಡುವೆ ಹಾದುಹೋದ ಕುರಿ ಕಾಯುವವನ, ಹುಲ್ಲುಹೊರೆ ಹೊತ್ತವಳ ಸುಳಿವೂ ಕಾಗದದಲ್ಲಿ ಉಳಿಯುತ್ತಿರಲಿಲ್ಲ. ತುಂಗಭದ್ರೆಯ ಈಚೆ ದಂಡೆಯ ಆನೆಗೊಂದಿ ಆಗಲೂ ಜನವಸತಿಯ ಊರು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೊ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಕಂಬ ಬಿತ್ತು, ಯಾವ ಗೋಪುರ ನಿಂತಿತು ಎಂದು ಬೆರಳಿಟ್ಟು ಹೇಳಬಹುದು. ಗ್ರೀನ್‌ಲಾ ಬಂದ ಕಾಲಕ್ಕೆ ಆನೆಗೊಂದಿಯ ಓಣಿಯಲ್ಲಿ ಯಾರಿದ್ದರು, ಹೇಗಿದ್ದರು ಎಂದು ಕೇಳಿದರೆ ಗೋಪುರ ಏನು ಹೇಳೀತು?

ಮನುಷ್ಯರನ್ನು ತೆಗೆಯುವ ಕಾಲವೂ ಬೇಗ ಬಂತು, ಆದರೆ ಅದು ಸುಖದ ಕಥೆಯಲ್ಲ. 1868ರಿಂದ 1875ರವರೆಗೆ ಬ್ರಿಟಿಷ್ ಸರಕಾರ ಎಂಟು ಸಂಪುಟಗಳಲ್ಲಿ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಫೋಟೊ ಪುಸ್ತಕ ಹೊರತಂದಿತು. ಅದಕ್ಕೆ ವಿವರಣೆ ಬರೆದವರಲ್ಲಿ ನಮ್ಮ ಸುರಪುರದಲ್ಲಿ ವರ್ಷಗಟ್ಟಲೆ ಆಡಳಿತ ನಡೆಸಿದ ಮೆಡೋಸ್ ಟೇಲರ್ ಕೂಡ ಒಬ್ಬ. ಟೇಲರ್ ಈ ಸೀಮೆಯನ್ನು ಪ್ರೀತಿಸಿದವನು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಆ ಪುಸ್ತಕದ ಬಹುತೇಕ ಚಿತ್ರಗಳ ಕೆಳಗೆ ಇರುವುದು ಜಾತಿಯ ಹೆಸರು, ಕುಲದ ಹೆಸರು. ಕ್ಯಾಮೆರಾದ ಮುಂದೆ ನಿಂತವನಿಗೆ ತಾಯಿ ಇಟ್ಟ ಹೆಸರು ಅಲ್ಲಿಲ್ಲ. 1857ರ ದಂಗೆಯಿಂದ ಬೆಚ್ಚಿದ ಸರಕಾರಕ್ಕೆ ಆಳಬೇಕಾದ ಜನರ ಪಟ್ಟಿ ಬೇಕಿತ್ತು, ಫೋಟೊ ಆ ಪಟ್ಟಿಗೆ ಒದಗಿತು. ತೆಗೆಸಿಕೊಂಡವರ ಕೈಗೆ ಆ ಚಿತ್ರ ಬಂದೀತೆಂದು ಅಂದು ಯಾರೂ ಯೋಚಿಸಿರಲಿಕ್ಕಿಲ್ಲ.

ಇತ್ತ ನಮ್ಮ ಸೀಮೆ ನಿಜಾಮನದು. ಕೊಪ್ಪಳವಂತೂ ದಿವಾನ ಸಾಲಾರ್ ಜಂಗ್ ಮನೆತನದ ಜಹಗೀರು. ಹೈದರಾಬಾದಿನ ಆರನೆಯ ನಿಜಾಮನ ಆಸ್ಥಾನದಲ್ಲಿ ಲಾಲಾ ದೀನ್ ದಯಾಳ್ ಎಂಬ ಮಹಾನ್ ಫೋಟೊಗ್ರಾಫರ್ ಇದ್ದರು. 1886ರಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆದರು. 1892ರಲ್ಲಿ ಪರದೆಯ ಹೆಣ್ಣುಮಕ್ಕಳಿಗೆಂದೇ ಹೈದರಾಬಾದಿನಲ್ಲಿ ಬೇರೆ ಸ್ಟುಡಿಯೊ ಮಾಡಿ, ಅದನ್ನು ನಡೆಸಲು ಮಹಿಳೆಯನ್ನೇ ನೇಮಿಸಿದರು. ನವಾಬರು, ಬೇಗಮರು, ಬೇಟೆಗೆ ಬಂದ ಸಾಹೇಬರು ಅವರ ಗಾಜಿನ ಫಲಕಗಳಲ್ಲಿ ಇಂದಿಗೂ ಕಣ್ಣಿಗೆ ಕಟ್ಟುವಂತೆ ಇದ್ದಾರೆ. ಆ ವೈಭವಕ್ಕೆ ಕಂದಾಯ ತೆತ್ತ ಯಲಬುರ್ಗಾದ, ಕುಷ್ಟಗಿಯ ಎರೆಹೊಲದ ಒಕ್ಕಲಿಗನಿಗೆ ತನ್ನ ಮುಖದ ಚಿತ್ರ ನೋಡುವ ಯೋಗ ಬರಲು ಇನ್ನೂ ಒಂದೆರಡು ತಲೆಮಾರು ಕಾಯಬೇಕಾಯಿತು.

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಶರಣಾಯಿತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯಿತು. ಗಂಗಾವತಿಯ ಸುತ್ತ ಭತ್ತದ ಗದ್ದೆ, ಆಂಧ್ರದಿಂದ ಬಂದವರ ಕ್ಯಾಂಪು, ಆಮೇಲೆ ಅಕ್ಕಿ ಗಿರಣಿಗಳ ಸಾಲು. ಕೈಯಲ್ಲಿ ರೊಕ್ಕ ಆಡಿದ ಮೇಲೆ ಪೇಟೆಯಲ್ಲಿ ಫೋಟೊ ಸ್ಟುಡಿಯೊ ನಡೆಯತೊಡಗಿತು. 1967ರಲ್ಲಿ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ‘ಇಂದು’ ಹೆಸರಿನಲ್ಲಿ ದೇಶದೊಳಗೇ ಫಿಲ್ಮ್ ಮಾಡತೊಡಗಿದ್ದು ಸಣ್ಣ ಊರಿನ ಸ್ಟುಡಿಯೊಗಳಿಗೆ ದೊಡ್ಡ ಆಸರೆಯಾಯಿತು.

ಆ ಸ್ಟುಡಿಯೊಗಳ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಕತ್ತಲೆಯ ಉದ್ದನೆ ಕೋಣೆ, ಕೊನೆಗೆ ಬಣ್ಣ ಬಳಿದ ಪರದೆ: ತಾಜಮಹಲು, ಕೊಳ, ಮೆಟ್ಟಿಲು, ಹಂಸ. ಬಾಗಿಲ ಪಕ್ಕ ಕನ್ನಡಿ, ಹಣಿಗೆ, ಪೌಡರಿನ ಡಬ್ಬಿ. ಮೊಳೆಗೆ ತೂಗುಹಾಕಿದ ಒಂದು ಕೋಟು, ಅದು ಊರಿನ ಗಂಡಸರೆಲ್ಲರಿಗೂ ಸಾಲಬೇಕು. ಕೈಗಡಿಯಾರ ಇಲ್ಲದವನಿಗೆ ಕೈಗಡಿಯಾರ, ಸ್ಟೂಲಿನ ಮೇಲೆ ಟೆಲಿಫೋನು, ಪ್ಲಾಸ್ಟಿಕ್ ಹೂವಿನ ಕುಂಡ. 120 ರೋಲಿನಲ್ಲಿ ಚೌಕಾಕಾರದ ಹನ್ನೆರಡು ಚಿತ್ರ ಮಾತ್ರ, ಹಾಗಾಗಿ ಒಂದೊಂದಕ್ಕೂ ತೂಕವಿತ್ತು. “ಗದ್ದ ಕೆಳಗ ಮಾಡ್ರಿ, ಉಸುರು ಹಿಡೀರಿ” ಎಂದು ಹೇಳಿ ಗುಂಡಿ ಒತ್ತಿದರೆ ಮುಗಿಯಿತು. ಒಳಗಿನ ಡಾರ್ಕ್‌ರೂಮಿನಲ್ಲಿ ಕೆಂಪು ದೀಪ, ಡೆವಲಪರ್, ಹೈಪೊ. ಮೈಲಿಬೇನೆಯ ಕಲೆಯನ್ನು ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ಮುಚ್ಚುವ ಕೈಚಳಕಕ್ಕೆ ‘ಟಚಿಂಗ್’ ಎನ್ನುತ್ತಿದ್ದರು. ಗಿರಾಕಿ ತಾನು ಹೇಗೆ ಕಾಣಬೇಕೆಂದು ಬಯಸಿದ್ದನೋ ಹಾಗೆ ಅವನನ್ನು ಕಾಣಿಸುವುದು ಆ ಕಸುಬಿನ ಧರ್ಮವಾಗಿತ್ತು. ಜಹಗೀರಿನ ಪಟ್ಟಿಯಲ್ಲಿ ಬರಿಯ ರೈತನಾಗಿದ್ದವನು ಇಲ್ಲಿ ಕಾಲಮೇಲೆ ಕಾಲು ಹಾಕಿ ಕೂತ.

ಜಾತ್ರೆ ಬಂದರೆ ಸ್ಟುಡಿಯೊವೇ ಬಯಲಿಗೆ ಬರುತ್ತಿತ್ತು. ಕೊಪ್ಪಳದ ಗವಿಮಠದ ಜಾತ್ರೆ, ಹುಲಿಗೆಮ್ಮನ ಜಾತ್ರೆ, ಎಲ್ಲಿ ಜನವೋ ಅಲ್ಲಿ ತಗಡಿನ ಶೆಡ್ಡು, ರಟ್ಟಿನ ಮೋಟಾರು, ಸ್ಕೂಟರು. ಹೊಸದಾಗಿ ಮದುವೆಯಾದವರು ಒಬ್ಬರಿಗೊಬ್ಬರು ತಾಗದ ಹಾಗೆ ನಿಂತು ಫೋಟೊ ತೆಗೆಸುತ್ತಿದ್ದರು. ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಬಳಿದ ಎತ್ತುಗಳ ನಡುವೆ ಮನೆಯ ಯಜಮಾನ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹುಲಿವೇಷದವರು, ಅವರ ಪಕ್ಕ ಓಣಿಯ ಎಲ್ಲ ಜಾತಿಯ ಹುಡುಗರು. ಕನ್ಯೆ ತೋರಿಸಲು ಒಂದು ಫೋಟೊ, ಮಿಲಿಟರಿಗೆ ಸೇರಿದ ಮಗನದೊಂದು ಫೋಟೊ. ಮಂಗಳೂರು, ಗೋವಾ ಕಡೆ ದುಡಿಯಲು ಗುಳೆ ಹೋದ ಕುಷ್ಟಗಿ, ಯಲಬುರ್ಗಾದ ಮಂದಿಗೆ ಊರಲ್ಲಿ ಬಿಟ್ಟುಬಂದ ಮಕ್ಕಳ ಫೋಟೊವೇ ಆಧಾರ.

ಕಡೆಯ ಫೋಟೊ ಒಂದಿರುತ್ತದೆ. ಲಿಂಗಾಯತರಲ್ಲಿ ತೀರಿಕೊಂಡವರನ್ನು ಕೂಡಿಸಿ ವಿಭೂತಿ ಹಚ್ಚಿ, ಹೂವಿನಿಂದ ಸಿಂಗರಿಸುತ್ತಾರೆ. ಸುತ್ತ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಕೂತ ಮೇಲೆ ಫೋಟೊಗ್ರಾಫರ್ ಬರುತ್ತಾನೆ. ಹೊರಗಿನವರಿಗೆ ಇದು ಎದೆ ಝಲ್ಲೆನ್ನಿಸಬಹುದು. ಆದರೆ ಎಷ್ಟೋ ಮನೆಗಳಲ್ಲಿ ಅಜ್ಜಿಯದು ಅಂತ ಇರುವುದು ಅದೊಂದೇ ಫೋಟೊ. ಬದುಕಿದ್ದಾಗ, “ಫೋಟೊ ತೆಗಸಿದ್ರ ಆಯುಷ್ಯ ಕಡಿಮಿ ಆಗತೈತಿ” ಎಂದು ಹಿಂದೆ ಸರಿದವರು ಅವರು. ಹೆಣ್ಣುಮಕ್ಕಳಿಗೆ ಮದುವೆಯಾದ ಮೇಲೆ ಸ್ಟುಡಿಯೊ ದೂರವೇ. 1993ರಲ್ಲಿ ಟಿ.ಎನ್. ಶೇಷನ್ ಅವರ ಕಾಲದಲ್ಲಿ ಮತದಾರರ ಗುರುತಿನ ಚೀಟಿ ಬಂತು. ನಮ್ಮ ಸಾವಿರಾರು ಅವ್ವಂದಿರು ಕ್ಯಾಮೆರಾದ ಮುಂದೆ ಒಬ್ಬರೇ ಕೂತದ್ದು ಆಗಲೇ. ಅವರು ತೀರಿದ ಮೇಲೆ ಆ ಚೀಟಿಯ ಅಂಚೆಚೀಟಿಯಷ್ಟು ಮುಖವನ್ನೇ ಹಿಗ್ಗಿಸಿ, ಕಂಪ್ಯೂಟರಿನಲ್ಲಿ ರೇಶ್ಮೆ ಸೀರೆ ಉಡಿಸಿ, ಕಟ್ಟು ಹಾಕಿಸಿ ಪಡಸಾಲೆಗೆ ತೂಗುಹಾಕಿದ್ದೇವೆ.

ಇದೆಲ್ಲ ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಹೈದರಾಬಾದ್ ಶರಣಾದ 1948ರಲ್ಲೇ ಆಫ್ರಿಕಾದ ಮಾಲಿ ದೇಶದ ಬಮಾಕೊ ನಗರದಲ್ಲಿ ಸೇದು ಕೈತಾ ಸ್ಟುಡಿಯೊ ತೆರೆದ. ಅವನಲ್ಲೂ ಗಿರಾಕಿಗಳಿಗೆ ಕೊಡಲು ಕೋಟು, ಗಡಿಯಾರ, ರೇಡಿಯೊ ಇದ್ದವು. 1991ರಲ್ಲಿ ಅವನ ಚಿತ್ರಗಳು ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ‘ಫೋಟೊಗ್ರಾಫರ್ ಗೊತ್ತಿಲ್ಲ’ ಎಂಬ ಚೀಟಿಯೊಂದಿಗೆ ತೂಗಿದವು. ಆಮೇಲೆ ಹುಡುಕಿಕೊಂಡು ಹೋದವರಿಗೆ ಆತ ಬಮಾಕೊದಲ್ಲಿ ಜೀವಂತ ಸಿಕ್ಕ. ಮಧ್ಯಪ್ರದೇಶದ ನಾಗದಾ ನಮ್ಮ ಊರುಗಳಂಥದೇ ಸಣ್ಣ ಪಟ್ಟಣ. ಅಲ್ಲಿ ಸುರೇಶ್ ಪಂಜಾಬಿ 1979ರಲ್ಲಿ ಆರಂಭಿಸಿದ ಸುಹಾಗ್ ಸ್ಟುಡಿಯೊದ ಚಿತ್ರಗಳನ್ನು ಕ್ರಿಸ್ಟೋಫರ್ ಪಿನ್ನಿ ಎಂಬ ಮಾನವಶಾಸ್ತ್ರಜ್ಞ ಅಧ್ಯಯನ ಮಾಡಿದರು. ಅವು 2013ರಲ್ಲಿ ಚೆನ್ನೈನಿಂದ ಪುಸ್ತಕವಾಗಿ ಬಂದವು. ನಮ್ಮವರೇ ಆದ ಮೈಸೂರಿನ ಟಿ.ಎಸ್. ಸತ್ಯನ್ ಬೀದಿಯ ಮಕ್ಕಳನ್ನೂ ದುಡಿಯುವವರನ್ನೂ ಮಮತೆಯಿಂದ ತೆಗೆದರು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು, 1979ರ ಮಕ್ಕಳ ವರ್ಷದಲ್ಲಿ ಅವರ ಚಿತ್ರಗಳು ವಿಶ್ವಸಂಸ್ಥೆಯವರೆಗೂ ಹೋದವು.

ಆದರೆ ಒಂದು ಓಣಿಯನ್ನು ಹಿಡಿದು ಕೂತವರೆಂದರೆ ಅಮೆರಿಕದ ಬಫಲೊ ನಗರದ ಮಿಲ್ಟನ್ ರೋಗೊವಿನ್. ಕಸುಬಿನಿಂದ ಕಣ್ಣು ತಪಾಸಣೆ ಮಾಡಿ ಚಾಳೀಸು ಕೊಡುವವರು. ತಮ್ಮ ಅಂಗಡಿಯ ಹತ್ತಿರದ ಬಡವರ ಕೇರಿಯಲ್ಲಿ 1972ರಲ್ಲಿ ಫೋಟೊ ತೆಗೆಯತೊಡಗಿದರು. ಇವನು ಪೊಲೀಸರ ಕಡೆಯವನಿರಬೇಕು ಎಂದು ಜನ ಮೊದಲು ಅನುಮಾನಪಟ್ಟರು. ತೆಗೆದ ಫೋಟೊವನ್ನು ಅವರವರ ಮನೆಗೆ ಒಯ್ದು ಕೊಟ್ಟ ಮೇಲೆ ಬಾಗಿಲುಗಳು ತೆರೆದವು. 1984ರಲ್ಲಿ ಅದೇ ಜನರನ್ನು ಹುಡುಕಿ ಮತ್ತೆ ತೆಗೆದರು, 1992ರಲ್ಲಿ ಮೂರನೆಯ ಸಲ. ಎತ್ತಿಕೊಂಡ ಕೂಸು ಮೂರನೆಯ ಚಿತ್ರದಲ್ಲಿ ತಾಯಿಯ ಎತ್ತರಕ್ಕೆ ನಿಂತಿರುತ್ತದೆ. ಆ ಓಣಿಗೆ ಇದಕ್ಕಿಂತ ಒಳ್ಳೆಯ ಚರಿತ್ರೆಯನ್ನು ಯಾವ ಗೆಜೆಟಿಯರ್ ಬರೆದೀತು?

ನಮ್ಮಲ್ಲಿ ಇದು ಏಕೆ ಆಗಬಾರದು? ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಮಗ್ಗದ ಮುಂದೆ ಕೂತ ನೇಕಾರರಿದ್ದಾರೆ, ಕೂದಲ ಉದ್ಯಮದಲ್ಲಿ ಸಿಕ್ಕು ಬಿಡಿಸುವ ಹೆಣ್ಣುಮಕ್ಕಳಿದ್ದಾರೆ. ಗಂಗಾವತಿಯ ಗಿರಣಿಗಳಲ್ಲಿ ಚೀಲ ಹೊರುವ ಹಮಾಲರು, ಕಿನ್ನಾಳದಲ್ಲಿ ಗೊಂಬೆಗೆ ಬಣ್ಣ ಹಚ್ಚುವ ಚಿತ್ರಗಾರರು, ಕೊಪ್ಪಳದ ಜವಾಹರ ರಸ್ತೆಯಲ್ಲಿ ಹೂ ಕಟ್ಟುವವರು ಇದ್ದಾರೆ. ಪ್ರತಿಯೊಬ್ಬರ ಕಿಸೆಯಲ್ಲೂ ಈಗ ಕ್ಯಾಮೆರಾ ಇದೆ. ದಿನಕ್ಕೆ ನೂರು ಚಿತ್ರ ತೆಗೆದು ಮೊಬೈಲು ಕೆಟ್ಟಾಗ ನೂರನ್ನೂ ಕಳೆದುಕೊಳ್ಳುತ್ತೇವೆ. ಹಳೆಯ ಸ್ಟುಡಿಯೊಗಳು ಜೆರಾಕ್ಸ್ ಅಂಗಡಿಗಳಾಗುತ್ತಿವೆ, ನೆಗೆಟಿವ್ ಪೆಟ್ಟಿಗೆಗಳು ಗುಜರಿಗೆ ಹೋಗುತ್ತಿವೆ. ಒಂದು ಊರಿನ ಮೂರು ತಲೆಮಾರಿನ ಮುಖಗಳನ್ನು ನಾವು ಕಿಲೊ ಲೆಕ್ಕದಲ್ಲಿ ಮಾರುತ್ತಿದ್ದೇವೆ ಎಂಬುದು ನನಗೆ ತೀರ ನೋವಿನ ಸಂಗತಿ. ನಗರಸಭೆ, ಕಾಲೇಜುಗಳು, ಗಣೇಶೋತ್ಸವದ ತರುಣರು ಮನಸ್ಸು ಮಾಡಿದರೆ ಒಂದೊಂದು ಓಣಿಯವರ ಫೋಟೊಗಳನ್ನು ಅದೇ ಓಣಿಯ ಕಟ್ಟೆಯ ಮೇಲೆ ತೂಗುಹಾಕಿ ತೋರಿಸಬಹುದು. ತೆಗೆಯುವ ಮೊದಲು ಕೇಳಬೇಕು, ತೆಗೆದ ಮೇಲೆ ಒಂದು ಪ್ರತಿ ಅವರ ಕೈಗೆ ಕೊಡಬೇಕು. ಉಳಿದದ್ದೆಲ್ಲ ಆಮೇಲಿನ ಮಾತು.

ಅದಕ್ಕೂ ಮೊದಲು ಮನೆಯಲ್ಲೇ ಮಾಡಬಹುದಾದ ಕೆಲಸವೊಂದಿದೆ. ಟ್ರಂಕಿನಲ್ಲಿರುವ ಹಳೆಯ ಫೋಟೊಗಳನ್ನು ಹೊರತೆಗೆದು, ಹಿರಿಯರ ಪಕ್ಕ ಕೂತು, ಇವರು ಯಾರು, ಯಾವ ವರ್ಷ, ಯಾವ ಊರು, ಯಾವ ಸ್ಟುಡಿಯೊ ಎಂದು ಕೇಳಿ. ಕೇಳಿದ್ದನ್ನು ಫೋಟೊದ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ. ಬಾಲ್‌ಪೆನ್ನು ಬೇಡ, ಅದು ಅಚ್ಚೊತ್ತಿ ಮುಂಭಾಗವನ್ನು ಕೆಡಿಸುತ್ತದೆ. ಬಿಸಿಲು, ತೇವ ತಾಗದ ಕಡೆ ಇಡಿ, ಒಂದು ಪ್ರತಿ ಸ್ಕ್ಯಾನ್ ಮಾಡಿಸಿ. ಹಿರಿಯರಿಗೆ ನೆನಪು ಚೊಕ್ಕವಾಗಿರುವಾಗಲೇ, ಈ ಭಾನುವಾರವೇ ಕೂತುಬಿಡಿ.