ಕೇಕೆ: ಮುಗಿಲಿಗೆ ಓಗೊಟ್ಟ ಕೊರಳು

ಮುಂಗಾರಿನ ಮೊದಲ ಕಾರ್ಮೋಡ ಕವಿದ ಸಂಜೆ. ಹೊಲದ ಬದುವಿನ ಮೇಲೆ ನಿಂತ ಗಂಡು ನವಿಲು ನೀಲಿಗೊರಳನ್ನು ನೀಳವಾಗಿ ಚಾಚಿ, ಮೈಯೆಲ್ಲ ಅದುರುವಂತೆ ಕೂಗುತ್ತದೆ. ಮರುಕ್ಷಣವೇ ದೂರದ ತೋಪಿನಿಂದ ಮತ್ತೊಂದು ಕೊರಳು ಓಗೊಡುತ್ತದೆ. ಆ ಧ್ವನಿಯ ಹೆಸರು ಕೇಕೆ. ಹಕ್ಕಿಯ ಗಂಟಲಲ್ಲಿ ಹುಟ್ಟಿದ ಈ ಎರಡಕ್ಷರದ ಪದ ಕಾವ್ಯ, ಸಂಗೀತ, ಕುಸ್ತಿಯ ಕಣ, ಪತ್ರಿಕೆಯ ಪುಟಗಳಲ್ಲೆಲ್ಲ ಸಂಚರಿಸಿದ ಬಗೆ ನಿಜಕ್ಕೂ ವಿಸ್ಮಯಕರ.

ಇದರ ಮೂಲ ಸಂಸ್ಕೃತದ ‘ಕೇಕಾ’. ನವಿಲಿನ ಕೂಗಿನ ಅನುಕರಣೆಯೇ ಪದವಾಗಿದೆ. ಬಿಡಿಸಿ ಉಚ್ಚರಿಸಿದರೆ ಇಂದಿಗೂ ಆ ಏರುದನಿ ಕೇಳಿಸುತ್ತದೆ. ಕೇಕೆಯುಳ್ಳ ಹಕ್ಕಿಯೇ ‘ಕೇಕಿ’. ಕಾಳಿದಾಸನ ಮೇಘದೂತದಲ್ಲಿ ನವಿಲುಗಳು ಮೋಡವನ್ನು ಸ್ವಾಗತಿಸುವುದು ಕೇಕೆಯಿಂದಲೇ. ರಘುವಂಶದ ಮೊದಲ ಸರ್ಗದಲ್ಲಿ ವಸಿಷ್ಠಾಶ್ರಮಕ್ಕೆ ಹೊರಟ ದಿಲೀಪ ದಂಪತಿಯ ರಥಚಕ್ರದ ಸದ್ದಿಗೆ ನವಿಲುಗಳು ಕತ್ತೆತ್ತಿ ಕೂಗುತ್ತವೆ. ಆ ಕೇಕೆ ಷಡ್ಜಕ್ಕೆ ಹೊಂದುತ್ತದೆಂದು ಕವಿ ವರ್ಣಿಸುತ್ತಾನೆ. ಸಪ್ತಸ್ವರಗಳನ್ನು ಪ್ರಾಣಿಪಕ್ಷಿಗಳ ದನಿಯೊಂದಿಗೆ ಬೆಸೆದ ನಮ್ಮ ಸಂಗೀತಶಾಸ್ತ್ರವೂ ಮೊದಲ ಸ್ವರ ‘ಸ’ವನ್ನು ನವಿಲಿಗೇ ಒಪ್ಪಿಸಿದೆ. 18ನೆಯ ಶತಮಾನದ ಮರಾಠಿ ಕವಿ ಮೋರೋಪಂತ ತನ್ನನ್ನು ಮಯೂರನೆಂದು ಕರೆದುಕೊಂಡು, ದೇವರಿಗಿಟ್ಟ ಮೊರೆಗೆ ‘ಕೇಕಾವಲಿ’ ಎಂದೇ ಹೆಸರಿಟ್ಟ.

ಕನ್ನಡದ ಪ್ರತಿಭೆ ಇನ್ನೂ ಮುಂದೆ ಸಾಗಿ, ಪಕ್ಷಿಯ ದನಿಯನ್ನು ಮನುಷ್ಯನ ಎದೆಗೆ ದಾಟಿಸಿತು. ನಮ್ಮಲ್ಲಿ ಕೇಕೆ ಹಾಕುವವರು, ಕೇಕೆ ಹೊಡೆಯುವವರು ಜನರೇ. ಮಣ್ಣಿನ ಕಣದಲ್ಲಿ ಪೈಲ್ವಾನನೊಬ್ಬ ಎದುರಾಳಿಯ ಬೆನ್ನನ್ನು ನೆಲಕ್ಕೆ ತಾಗಿಸಿದೊಡನೆ ಸುತ್ತಲ ಜನಸಾಗರದಿಂದ ಅದು ಚಿಮ್ಮುತ್ತದೆ. ಚಿತ್ರಮಂದಿರದಲ್ಲಿ ನೆಚ್ಚಿನ ನಾಯಕ ಕಾಣಿಸಿದೊಡನೆ ಚಪ್ಪಾಳೆ, ಸಿಳ್ಳೆ, ಕೇಕೆ ಒಟ್ಟಾಗಿ ಮೊಳಗುತ್ತವೆ. ಚಪ್ಪಾಳೆಯಲ್ಲಿ ಮರ್ಯಾದೆಯಿದೆ, ಸಿಳ್ಳೆಗೆ ಅಭ್ಯಾಸ ಬೇಕು. ಕೇಕೆ ಮಾತ್ರ ತಡೆಯಲಾರದೆ ತಾನಾಗಿ ಹೊರಡುವಂಥದು. ಈ ಅದಮ್ಯತೆಯೇ ಪದಕ್ಕೆ ಕರಾಳ ಅರ್ಥವನ್ನೂ ತಂದಿತು. ಭೀಕರ ಅಪಘಾತವಾದಾಗ ಪತ್ರಿಕೆಗಳು ಸಾವೇ ‘ಕೇಕೆ ಹಾಕಿತು’ ಎಂದು ಬರೆಯುತ್ತವೆ. ಹರ್ಷ, ವಿಜಯ, ಆರ್ತತೆ, ಭೀತಿ: ಒಂದೇ ದನಿಯಲ್ಲಿ ಇಷ್ಟೊಂದು ಭಾವಗಳು ನೆಲೆಸಿರುವುದು ಭಾಷೆಯ ಸಂಪತ್ತಲ್ಲದೆ ಮತ್ತೇನು?

ಪದದ ಮೂಲ ಒಡೆಯನೂ ಇಂದು ಸುರಕ್ಷಿತ. 1963ರಲ್ಲಿ ರಾಷ್ಟ್ರಪಕ್ಷಿಯ ಗೌರವ ಪಡೆದ ನವಿಲಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷೆಯಿದೆ. ಮಂಡ್ಯ ಜಿಲ್ಲೆಯ ಆದಿಚುಂಚನಗಿರಿ ಹಾಗೂ ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿ ಅದಕ್ಕೆಂದೇ ಮೀಸಲಾದ ಧಾಮಗಳಿವೆ. ಆದರೆ ಕೇಕೆಯ ಅತ್ಯಂತ ಜೀವಂತ ನೆಲೆ ನಮ್ಮ ಮನೆಯಂಗಳವೇ. ಮೊದಲ ಮಳೆಗೆ ಮೈಯೊಡ್ಡಿ ಕುಣಿಯುವ ಮಕ್ಕಳನ್ನು ತಾಯಿ ಒಳಗಿನಿಂದಲೇ ಗದರುತ್ತಾಳೆ: “ಏನ್ರೋ ಅದು ಕೇಕೆ?” ಮೋಡ, ಮಳೆ, ಹಿಗ್ಗಿದ ಕೊರಳು. ಅರಿವಿಲ್ಲದೆಯೇ ಆಕೆ ಆ ಪದವನ್ನು ಅದರ ತವರಿನಲ್ಲೇ ಬಳಸಿರುತ್ತಾಳೆ.