ಒಂಟಿಗಾಲಿಯ ಮೇಲೆ ಕಾಲಿಡುವ ಬಗೆ

ಜಾದವ್‌ಪುರದ 8ಬಿ ಬಸ್ ನಿಲ್ದಾಣದ ಬಳಿ ಬೆಳಗಿನ ಜಾವ ಹೋಟೆಲ್ ಮಾಣಿಯೊಬ್ಬನು ಒಂಟಿಗಾಲಿಯ ಸೈಕಲ್ ಅಭ್ಯಸಿಸುವುದನ್ನು ಕಂಡು ನಾವು ನಕ್ಕೆವು. ಮರುದಿನ ನಾವೇ ಏರಿ ಬಿದ್ದೆವು. ನಮ್ಮ ತಪ್ಪೆಲ್ಲ ಪಾದದಲ್ಲಿತ್ತು. ಏಣಿ ಮೆಟ್ಟಿದಂತೆ ಅಂಗಾಲಿನ ನಡುವನ್ನು ಪೆಡಲಿಗೆ ಕೊಟ್ಟು, ಮೈಭಾರವನ್ನೆಲ್ಲ ಕಾಲಿಗೆ ಹೊರಿಸಿದ್ದೆವು. ಇದಕ್ಕೆ ಸರಪಳಿಯಿಲ್ಲ, ಪೆಡಲು ಗಾಲಿಯ ಅಚ್ಚಿಗೇ ಕಚ್ಚಿರುವುದರಿಂದ ಗಾಲಿ ಉರುಳುವಷ್ಟು ಕಾಲ ಪಾದಕ್ಕೆ ಬಿಡುವಿಲ್ಲ. ಎರಡು ಕಾಲುಗಳೂ ಒಮ್ಮೆಗೇ ಒತ್ತಿದರೆ ಒಂದು ಮತ್ತೊಂದಕ್ಕೆ ಅಡ್ಡಿಯಾಗಿ ಮೀನಖಂಡ ಉರಿಯುತ್ತದೆ. ಭಾರವು ಆಸನದ ಮೇಲಿರಲಿ. ಬೆರಳ ಬುಡದ ಉಬ್ಬು ಪೆಡಲಿನ ನಡುವಿಗೆ ಬರಲಿ. ಪೆಡಲು ಕೆಳಗಿಳಿದಾಗ ಮೊಣಕಾಲು ಕಿಂಚಿತ್ ಬಾಗಿರಲಿ. ಜಾರುವ ರಬ್ಬರ್ ಚಪ್ಪಲಿ ಸಲ್ಲದು. ದಿನವಿಡೀ ನಿಂತು ಬಡಿಸುವವನಿಗೆ ಕಾಲೇ ಅನ್ನ. ನೋವೆದ್ದೊಡನೆ ಇಳಿಯುವುದರಲ್ಲಿ ಅವಮಾನವಿಲ್ಲ. ಮಾಣಿಯು ಈಗ 20 ಗಜ ಸಾಗುತ್ತಾನೆ. ನಾವಿನ್ನೂ ಗೋಡೆ ಹಿಡಿದಿದ್ದೇವೆ.