ಬೀಚ್ ಇಲ್ಲದಿದ್ದರೇನಂತೆ, ಹೊಳಿ ಐತಲ್ಲ!

ಏಪ್ರಿಲ್ ಬಂತು ಅಂದ್ರೆ ಫೋನ್ ತುಂಬ ಗೋಕರ್ಣ, ಮಲ್ಪೆ, ಗೋವಾದ ಫೋಟೋಗಳು. ಬೆಂಗಳೂರು, ಪುಣೆಯಿಂದ ರಜೆಗೆ ಊರಿಗೆ ಬಂದ ಮಕ್ಕಳು ಎರಡನೇ ದಿನಕ್ಕೇ "ಇಲ್ಲಿ ಎಲ್ಲಿಗೆ ಹೋಗೋದು?" ಅಂತ ಶುರು ಮಾಡ್ತಾರೆ. ಗಲಗಲಿ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯವರಿಗೆ ಸಮುದ್ರ ದೂರ, ನಿಜ. ಆದರೆ ಕೃಷ್ಣಾ ಇದೆ, ಘಟಪ್ರಭಾ ಇದೆ, ಒಂದು ದಿನದಲ್ಲಿ ಹೋಗಿ ಬರುವ ದೂರದಲ್ಲಿ ಆಲಮಟ್ಟಿ, ಕೂಡಲಸಂಗಮ ಇವೆ. ಎಲ್ಲಿಗೆ ಹೋಗಬೇಕು ಅನ್ನೋದಕ್ಕಿಂತ, ಎಷ್ಟು ಹೊತ್ತಿಗೆ ಹೋಗಬೇಕು, ನೀರಿನ ಹತ್ತಿರ ಹೇಗಿರಬೇಕು ಅನ್ನೋದೇ ಇಲ್ಲಿ ಮುಖ್ಯ.

ಮೊದಲು ಬಿಸಿಲಿನ ಲೆಕ್ಕ

ನಮ್ಮ ಕಡೆ ಬೇಸಿಗೆ ಮಧ್ಯಾಹ್ನ 40 ಡಿಗ್ರಿ ಅಂದ್ರೆ ಸಾಮಾನ್ಯ. ಹಾಗಾಗಿ ಊರಿನ ಹಿರಿಯರ ಟೈಮ್‌ಟೇಬಲ್ಲೇ ಸರಿ: ಬೆಳಿಗ್ಗೆ 6ರಿಂದ 9, ಇಲ್ಲವೇ ಸಂಜೆ 5ರ ನಂತರ. ನಡುವಿನ ಹೊತ್ತು ಮನೆ, ಗಿಡದ ನೆರಳು, ಊಟ, ನಿದ್ದೆ. ಸಂಜೆ ಪಾರ್ಕಿಗೆ ಹೋದರೂ ಜಾರುಬಂಡಿ, ಜೋಕಾಲಿಯ ಕಬ್ಬಿಣವನ್ನು ಮೊದಲು ನೀವೇ ಕೈಯಿಂದ ಮುಟ್ಟಿ ನೋಡಿ. ಬಿಸಿಲು ಇಳಿದ ಮೇಲೂ ಅದು ಸುಡುತ್ತಿರುತ್ತೆ.

ಗಲಗಲಿಯ ಹೊಳೆ ದಂಡೆ

ಗಾಲವ ಋಷಿಗಳ ಹೆಸರಿನ ಜೊತೆ ತಳುಕು ಹಾಕಿಕೊಂಡ ಊರು ಗಲಗಲಿ. ಹರಿದಾಸ ಪರಂಪರೆಯ ಕವಯಿತ್ರಿ ಗಲಗಲಿ ಅವ್ವನ ಊರೂ ಇದೇ. ಇಲ್ಲಿ ದೊಡ್ಡ ಪಾರ್ಕ್ ಹುಡುಕಬೇಡಿ. ಬೆಳಿಗ್ಗೆ ಬೇಗ ಎದ್ದು, ದೇವರ ದರ್ಶನ ಮುಗಿಸಿ, ಹೊಳೆ ಕಾಣುವ ಕಡೆ ಒಂದು ಗಂಟೆ ಕೂತು ಬನ್ನಿ. ಕೊಕ್ಕರೆ, ಮಿಂಚುಳ್ಳಿ, ನೀರುಕಾಗೆ ಎಷ್ಟು ಕಂಡವು ಅಂತ ಮಕ್ಕಳಿಗೆ ಲೆಕ್ಕ ಹಾಕೋಕೆ ಹೇಳಿ. ಆಲಮಟ್ಟಿ ಹಿನ್ನೀರಿನ ಪ್ರದೇಶಕ್ಕೆ ಚಳಿಗಾಲ, ಬೇಸಿಗೆಯಲ್ಲಿ ಫ್ಲೆಮಿಂಗೊಗಳೂ ಬರುತ್ತವೆ. ಕಂಡರೆ ಅದೃಷ್ಟ!

ರೈತರೇ ಕಟ್ಟಿದ ಬ್ಯಾರೇಜ್

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಗೆ ಹೋಗುವುದಾದರೆ ಅಜ್ಜ, ಆಯಿಯನ್ನೂ ಗಾಡಿಯಲ್ಲಿ ಕೂರಿಸಿಕೊಳ್ಳಿ. ಕಥೆ ಹೇಳೋರು ಅವರೇ. ಆಗ ಬೇಸಿಗೆ ಬಂತೆಂದರೆ ಇಲ್ಲಿ ಹೊಳೆ ಬತ್ತುತ್ತಿತ್ತು. ರೈತರು ತಾವೇ ದುಡ್ಡು ಹಾಕಿ, ಮೈಮುರಿದು ದುಡಿದು, 1989ರಲ್ಲಿ ಕೃಷ್ಣೆಗೆ ಅಡ್ಡವಾಗಿ ಬ್ಯಾರೇಜ್ ಕಟ್ಟಿ ಮುಗಿಸಿದರು. ಅದರ ಹೆಸರು ಶ್ರಮಬಿಂದು ಸಾಗರ. ಮುಂದಾಳು ಸಿದ್ದು ನ್ಯಾಮಗೌಡ. 'ಬ್ಯಾರೇಜ್ ಸಿದ್ದು' ಅಂತಲೇ ಹೆಸರಾದವರು, 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೂ ಹೋದರು. ಮೇ ತಿಂಗಳಲ್ಲೂ ನೀರು ನಿಂತಿದೆ ಅಂದ್ರೆ ಅದರ ಹಿಂದೆ ಯಾರದೋ ಬೆವರಿದೆ ಅನ್ನೋದು ಮಕ್ಕಳಿಗೆ ಯಾವ ಪುಸ್ತಕಕ್ಕಿಂತ ಚೆನ್ನಾಗಿ ಇಲ್ಲಿ ಅರ್ಥವಾಗುತ್ತೆ.

ಸಂಜೆಗೆ ಆಲಮಟ್ಟಿ

ಮಕ್ಕಳಿಗೆ ಓಡಾಡೋಕೆ ಜಾಗ ಬೇಕು ಅಂದ್ರೆ ಆಲಮಟ್ಟಿಯೇ ಸರಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟೆ ಇದು. ಜಲಾಶಯಕ್ಕೂ ಅವರದೇ ಹೆಸರು. ರಾಕ್ ಗಾರ್ಡನ್ನಿನಲ್ಲಿ ಪ್ರಾಣಿಗಳ ಶಿಲ್ಪಗಳಿವೆ. ಮೊಘಲ್ ಗಾರ್ಡನ್, ಸಂಗೀತ ಕಾರಂಜಿ ಸಂಜೆಯ ಆಕರ್ಷಣೆ. ಪ್ರವೇಶದ ವೇಳೆ, ಕಾರಂಜಿ ಶುರುವಾಗುವ ಹೊತ್ತು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ. ಬಾಗಲಕೋಟೆ ಕಡೆಯಿಂದ ರೈಲಿನಲ್ಲೂ ಹೋಗಬಹುದು. ಕೃಷ್ಣೆಯ ಮೇಲಿನ ಸೇತುವೆ ದಾಟುವಾಗ ಕಿಟಕಿ ಸೀಟಿಗೆ ಜಗಳ ಗ್ಯಾರಂಟಿ.

ಈ ಸಂಭ್ರಮದ ನಡುವೆ ಒಂದು ಮಾತು ಮಕ್ಕಳಿಗೆ ಹೇಳಲೇಬೇಕು. ಈ ಜಲಾಶಯಕ್ಕಾಗಿ ಬೀಳಗಿ ಭಾಗದ ಹಳ್ಳಿಗಳು, ಹಳೇ ಬಾಗಲಕೋಟೆಯ ಒಂದು ಭಾಗ ಮುಳುಗಿವೆ. ನಿಮ್ಮ ಮನೆಯಲ್ಲೇ ಆ ನೆನಪು ಇರೋರು ಇದ್ದರೆ, ಆ ದಿನ ಅವರ ಪಕ್ಕ ಕೂತು ಕೇಳಿ.

ಎರಡು ಸಂಗಮಗಳು

ಘಟಪ್ರಭೆ ಕೃಷ್ಣೆಯನ್ನು ಸೇರುವುದು ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ. ಮಲಪ್ರಭೆ ಸೇರುವುದು ಕೂಡಲಸಂಗಮದಲ್ಲಿ. ಕೂಡಲಸಂಗಮದ ಬಸವಣ್ಣನವರ ಐಕ್ಯ ಮಂಟಪ ಮಕ್ಕಳಿಗೂ ಅಚ್ಚರಿ. ಜಲಾಶಯ ತುಂಬಿದಾಗ ಸುತ್ತಲೂ ನೀರು, ನಡುವೆ ಬಾವಿಯಂಥ ಗೋಡೆ, ಮೆಟ್ಟಿಲಿಳಿದು ಹೋದರೆ ಕೆಳಗೆ ಮಂಟಪ. ಹಿರಿಯರಿಗೆ ಮೆಟ್ಟಿಲು ಕಷ್ಟ, ಕೈ ಹಿಡಿದು ನಿಧಾನಕ್ಕೆ ಇಳಿಸಿ.

ನೋಡೋ ನೀರು ಬೇರೆ, ಇಳಿಯೋ ನೀರು ಬೇರೆ

ರಜೆಯಲ್ಲಿ ಹೊಳೆಗೆ ಹೋದ ಮಕ್ಕಳು ಮನೆಗೆ ಬರಲಿಲ್ಲ ಅನ್ನೋ ಸುದ್ದಿ ಪ್ರತಿ ಬೇಸಿಗೆಯೂ ಎಲ್ಲಾದರೂ ಓದುತ್ತೇವೆ. ಅದಕ್ಕೇ ಇದಿಷ್ಟನ್ನು ಮನೆಯಲ್ಲೇ ಮಾತಾಡಿಕೊಂಡು ಹೊರಡಿ:

• ಹಿನ್ನೀರು ಇಳಿದ ಜಾಗದ ಎರೆಮಣ್ಣು ಮೇಲೆ ಒಣಗಿದ ಹಾಗೆ ಕಾಣುತ್ತೆ, ಒಳಗೆ ಕೆಸರು. ಕಾಲಿಟ್ಟರೆ ಹೂತುಹೋಗುತ್ತೆ.
• ಮರಳು ತೆಗೆದ ಕಡೆ ಮೊಣಕಾಲುದ್ದ ನೀರು ಒಂದೇ ಹೆಜ್ಜೆಗೆ ಆಳುದ್ದವಾಗಬಹುದು. ಬ್ಯಾರೇಜಿನ ಗೇಟುಗಳ ಕೆಳಗಂತೂ ಇಳಿಯಲೇಬೇಡಿ.
• ಕೃಷ್ಣೆಯಲ್ಲಿ ಮೊಸಳೆಗಳಿವೆ. ಊರಿನವರು "ಇಲ್ಲಿ ಬ್ಯಾಡ್ರಿ" ಅಂದರೆ ವಾದ ಬೇಡ.
• ಮುಳುಗುವ ಮಗು ಸಿನಿಮಾದ ಹಾಗೆ ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತೆ. ಹಾಗಾಗಿ ನೀರಿನ ಹತ್ತಿರ ಇರುವಷ್ಟು ಹೊತ್ತು ಒಬ್ಬ ದೊಡ್ಡವರು ಫೋನ್ ಜೇಬಲ್ಲಿಟ್ಟು ಬರೀ ಮಕ್ಕಳನ್ನೇ ನೋಡಬೇಕು. ಅರ್ಧ ಗಂಟೆಗೊಮ್ಮೆ ಪಾಳಿ ಬದಲಿಸಿ.
• ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಜಿಗಿಯಬೇಡಿ. ಹಗ್ಗ, ಸೀರೆ, ಧೋತರ, ಮುಚ್ಚಳ ಬಿಗಿದ ಖಾಲಿ ಕ್ಯಾನ್, ಏನು ಸಿಕ್ಕರೂ ಎಸೆಯಿರಿ. ಜನರನ್ನು ಕೂಗಿ, 112ಕ್ಕೆ ಕರೆ ಮಾಡಿ.
• ದೋಣಿ ಹತ್ತಿದರೆ ಲೈಫ್ ಜಾಕೆಟ್ ಎಲ್ಲರಿಗೂ ಬೇಕು. ಇಲ್ಲವೆಂದರೆ ಸವಾರಿಯೂ ಬೇಡ.

ಈಜು ಕಲಿಸೋ ಆಸೆ ಇದ್ದರೆ ಕಲಿಸಿ, ಅದು ಜೀವನವಿಡೀ ಉಪಯೋಗ. ಆದರೆ ಆಳ ಗೊತ್ತಿರುವ ಜಾಗದಲ್ಲಿ, ಚೆನ್ನಾಗಿ ಈಜು ಬಲ್ಲವರು ಜೊತೆಗಿದ್ದಾಗ ಮಾತ್ರ.

ಬುತ್ತಿ ಕಟ್ಟಿಕೊಂಡೇ ಹೊರಡಿ

ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಣ ಪಲ್ಯ, ಉಳ್ಳಾಗಡ್ಡಿ. ಬಿಸಿಲಿಗೆ ಕೆಡದ ಊಟ ನಮ್ಮಲ್ಲಿ ಮೊದಲಿಂದಲೂ ಇದೆ. ಮೊಸರು, ಮಜ್ಜಿಗೆ ಒಯ್ದರೆ ಬೆಳಿಗ್ಗೆಯೇ ಖಾಲಿ ಮಾಡಿ. ನೀರು ಅಂದುಕೊಂಡದ್ದಕ್ಕಿಂತ ಜಾಸ್ತಿ ಇರಲಿ, ಜೊತೆಗೆ ಎರಡು ಓಆರ್‌ಎಸ್ ಪಾಕೀಟು, ತಲೆಗೆ ಟೊಪ್ಪಿಗೆ ಅಥವಾ ಟವೆಲ್. "ಐದೇ ನಿಮಿಷ" ಅಂತ ಮಗುವನ್ನು ಕಾರಿನಲ್ಲಿ ಬಿಟ್ಟು ಇಳಿಯಬೇಡಿ. ನಿಂತ ಕಾರು ಬಿಸಿಲಲ್ಲಿ ಒಲೆಯಾಗುತ್ತೆ. ತಿಂದ ಮೇಲೆ ಪ್ಲಾಸ್ಟಿಕ್ ಕವರನ್ನೆಲ್ಲ ವಾಪಸ್ ತನ್ನಿ. ಅದೇ ಹೊಳೆಯ ನೀರನ್ನು ಕೆಳಗಿನ ಊರಿನವರೂ ಕುಡಿಯುತ್ತಾರೆ.

ನಿಮ್ಮ ಊರಿನ ಹತ್ತಿರವೂ ಇಂಥ ಕೆರೆ ದಂಡೆ, ಪಾರ್ಕ್, ನೆರಳಿನ ತೋಪು ಇರಬಹುದು. ಮಕ್ಕಳ ಜೊತೆ ಹೋಗಿ ಬಂದವರು ನಮ್ಮ ಓದುಗರ ಅಂಕಣಕ್ಕೆ ನಾಲ್ಕು ಸಾಲು ಬರೆಯಿರಿ. ಅಲ್ಲಿ ನೆರಳು ಇದೆಯಾ, ಕುಡಿಯೋ ನೀರು ಸಿಗುತ್ತಾ, ಶೌಚಾಲಯ ಹೇಗಿದೆ ಅನ್ನೋದನ್ನೂ ತಿಳಿಸಿ. ಮುಂದಿನ ವಾರ ಹೊರಡುವ ಇನ್ನೊಂದು ಮನೆಯವರಿಗೆ ಬೇಕಾಗಿರೋದು ಅದೇ.